ಕೈಯಿಂದ ತಿದ್ದಬಾರದ ಫೈಲುಗಳು

ಬಸವೇಶ್ವರನಗರದಲ್ಲಿ ಒಂದು ಬೇಕರಿಯ ಮೇಲೆ, ಎರಡನೇ ಮಹಡಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಚೇರಿ. ಅಲ್ಲಿ ಜಗದಾಂಬಾ ಹದಿನಾರು ವರ್ಷದಿಂದ ಅದೇ ಕಿಟಕಿ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಳು. ದಾವಣಗೆರೆಯಿಂದ ಬಂದವಳು, ಈಗ ವಯಸ್ಸು ನಲವತ್ತೆಂಟು. ದಿನಾ ಹೆಗ್ಗನಹಳ್ಳಿಯಿಂದ ಎರಡು ಬಸ್ಸು ಹಿಡಿದು ಬರುವಷ್ಟರಲ್ಲೇ ಅರ್ಧ ಸುಸ್ತಾಗಿರುತ್ತಿದ್ದಳು.

ಅವಳು ನೋಡಿಕೊಳ್ಳುತ್ತಿದ್ದ ತಂತ್ರಾಂಶ ಹನ್ನೊಂದು ಸಣ್ಣ ಆಸ್ಪತ್ರೆಗಳಲ್ಲಿತ್ತು. ಯಾವ ಗುಂಪಿನ ರಕ್ತ ಎಲ್ಲಿ ಎಷ್ಟಿದೆ ಎಂದು ಆಸ್ಪತ್ರೆಯವರು ಕೇಳಿದರೆ, ಅದು ರಕ್ತನಿಧಿಗಳ ಒಕ್ಕೂಟವೊಂದರ ವೆಬ್ ಸೇವೆಯನ್ನು ವಿಚಾರಿಸಿ ಉತ್ತರ ತರುತ್ತಿತ್ತು. ಹೀಗೆ ಹೋಗಿ ಕೇಳಿಕೊಂಡು ಬರುವ ಭಾಗಕ್ಕೆ ಕ್ಲೈಂಟ್ ಎನ್ನುತ್ತಾರೆ. ಅದನ್ನು ಯಾರೂ ಕೂತು ಬರೆಯುವುದಿಲ್ಲ. ಏನು ಕೇಳಬಹುದು, ಏನು ಉತ್ತರ ಬರುತ್ತದೆ ಎಂಬುದನ್ನೆಲ್ಲ ಹೇಳುವ ವಿವರಣೆಯ ಫೈಲೊಂದನ್ನು ಸೇವೆಯವರು ಕಳಿಸುತ್ತಾರೆ. ಅದನ್ನು ಕೋಡ್ ಬರೆಯುವ ಟೂಲ್ ಒಂದಕ್ಕೆ ಕೊಟ್ಟು ಒಂದು ಕಮಾಂಡ್ ಹೊಡೆದರೆ ಕ್ಲೈಂಟ್ ತಾನಾಗಿ ಹುಟ್ಟುತ್ತದೆ. ಒಂದೂವರೆ ನಿಮಿಷದಲ್ಲಿ ನಲವತ್ತಮೂರು ಫೈಲು. ಪ್ರತಿಯೊಂದರ ನೆತ್ತಿಯ ಮೇಲೂ, ಇದು ಯಂತ್ರ ಬರೆದದ್ದು, ಕೈಯಿಂದ ತಿದ್ದಬೇಡಿ ಎಂಬ ಎಚ್ಚರಿಕೆ.

ಜಗದಾಂಬಾ ಒಂಬತ್ತು ವರ್ಷದಿಂದ ಕೈಯಿಂದಲೇ ತಿದ್ದುತ್ತಿದ್ದಳು. ಹುಟ್ಟಿದ್ದು ಹುಟ್ಟಿದ ಹಾಗೆ ಒಂದು ಸಲವೂ ಸರಿಯಾಗಿ ಓಡಿರಲಿಲ್ಲ. ವಿವರಣೆ ಬದಲಾದಾಗಲೆಲ್ಲ ಕ್ಲೈಂಟನ್ನು ಮತ್ತೆ ಹುಟ್ಟಿಸಬೇಕು. ಹುಟ್ಟಿಸಿದರೆ ಹಳೆಯ ತಿದ್ದುಪಡಿಯೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಹದಿನೇಳು ತಿದ್ದುಪಡಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಅವನ್ನು ಹಾಕುತ್ತ ಕೂತರೆ ಎರಡು ದಿನ ಹೋಗುತ್ತಿತ್ತು.

ಒಂದು ಸೋಮವಾರ ಮೇಲ್ ಬಂತು. ಸೇವೆಯನ್ನು ಹೊಸದಾಗಿ ಮಾಡಿದ್ದೇವೆ, ಹಳೆಯದು ಶುಕ್ರವಾರ ನಿಲ್ಲುತ್ತದೆ, ವಿವರಣೆ ಲಗತ್ತಿಸಿದೆ ಎಂದಿತ್ತು. ಅವಳು ಎಂದಿನಂತೆ ಕ್ಲೈಂಟ್ ಹುಟ್ಟಿಸಿ, ಹದಿನೇಳನ್ನೂ ತಿದ್ದಿ, ಬುಧವಾರ ಓಡಿಸಿದಳು. ಒಂದೂ ದೋಷ ಬರಲಿಲ್ಲ. ಆದರೆ ಯಾವ ಗುಂಪು ಕೇಳಿದರೂ ಉತ್ತರ ಸೊನ್ನೆ. ಕೆಟ್ಟು ನಿಲ್ಲುವ ಪ್ರೋಗ್ರಾಂ ಆದರೆ ಗೊತ್ತಾದರೂ ಆಗುತ್ತದೆ. ಈ ಸೊನ್ನೆಯನ್ನು ನಂಬಿದ ಆಸ್ಪತ್ರೆಯವರು, ರಕ್ತ ಎಲ್ಲೂ ಇಲ್ಲ ಎಂದು ರೋಗಿಯ ಕಡೆಯವರಿಗೆ ಹೇಳಿಬಿಡುತ್ತಾರೆ.

ಕಚೇರಿಯ ಮಾಲೀಕ ಕಲ್ಮೇಶ್, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಈಗೆಲ್ಲ ಎಐ ಬರೆದುಕೊಡುವಾಗ ಇದಕ್ಕೆ ಮೂರು ದಿನ ಯಾಕೆ ಮೇಡಂ ಎಂದು ಕೇಳಿದ. ಅದನ್ನೂ ಕೇಳಿ ನೋಡಿಯಾಗಿತ್ತು. ಅದೂ ಅದೇ ವಿವರಣೆಯನ್ನು ನಂಬಿ ಅದೇ ಸೊನ್ನೆ ತಂದಿತ್ತು. ಇದನ್ನು ಬಿಡಿಸಿ ಹೇಳುವಷ್ಟು ತ್ರಾಣ ಅವಳಲ್ಲಿರಲಿಲ್ಲ. ನೋಡ್ತೀನಿ ಸಾರ್ ಎಂದಷ್ಟೇ ಹೇಳಿದಳು.

ಒಕ್ಕೂಟದ ಮೇಲ್‌ಗಳ ಕೊನೆಯಲ್ಲಿ ಯಾವಾಗಲೂ ಚಕ್ರಪಾಣಿ ಎಂಬ ಹೆಸರು, ಒಂದು ಫೋನ್ ನಂಬರು ಇರುತ್ತಿತ್ತು. ಅವಳು ಮೊದಲ ಬಾರಿಗೆ ಅದಕ್ಕೆ ಫೋನ್ ಮಾಡಿದಳು. ಎತ್ತಿದ್ದು ವಯಸ್ಸಾದ ದನಿ. ಹಿಂದಿನ ದಿನವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಂತೆ, ಸ್ಕ್ರೀನ್ ನೋಡುವ ಹಾಗಿಲ್ಲವಂತೆ. ನಾಗರಬಾವಿಯ ಮನೆಗೆ ಬಂದರೆ ಬಾಯಲ್ಲಿ ಹೇಳಬಲ್ಲೆ ಎಂದರು.

ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತು ಹೋದಳು. ಚಕ್ರಪಾಣಿ ಕಪ್ಪು ಕನ್ನಡಕ ಹಾಕಿಕೊಂಡು ಹಾಲ್‌ನಲ್ಲಿ ಕೂತಿದ್ದರು. ಅವಳು ವಿವರಣೆಯ ಫೈಲನ್ನು ಸಾಲುಸಾಲಾಗಿ ಓದಿದಳು, ಅವರು ಕೇಳಿಸಿಕೊಂಡರು. ಅರ್ಧ ಗಂಟೆಯಾದ ಮೇಲೆ ಅವರು ಕೈಯೆತ್ತಿ ತಡೆದರು.

"ಅಲ್ಲಿ ಮೊದಲನೇ ಅಕ್ಷರ ಕ್ಯಾಪಿಟಲ್ಲಾ, ಸ್ಮಾಲಾ?"

"ಸ್ಮಾಲು ಸಾರ್."

"ಸೇವೆ ಕಳಿಸೋದು ಕ್ಯಾಪಿಟಲ್ ಅಮ್ಮಾ. ನಂದೇ ತಪ್ಪು."

ಅಷ್ಟೇ ಆಗಿದ್ದದ್ದು. ಲೆಕ್ಕದ ಅಂಕಣಕ್ಕೆ ವಿವರಣೆಯಲ್ಲಿದ್ದ ಹೆಸರು ಸೇವೆ ಕಳಿಸುವ ಹೆಸರಿಗೆ ಹೊಂದದೆ, ಬಂದ ಲೆಕ್ಕವನ್ನು ಕ್ಲೈಂಟ್ ಪಕ್ಕಕ್ಕೆ ಬಿಟ್ಟು ಸೊನ್ನೆ ತೋರಿಸುತ್ತಿತ್ತು. ವಿವರಣೆಯನ್ನು ಸೇವೆಯೇ ತಾನಾಗಿ ಬರೆದುಕೊಡುವುದಿಲ್ಲವೇ ಎಂದು ಅವಳು ಕೇಳಿದಳು. ಆ ವ್ಯವಸ್ಥೆ ಕೆಟ್ಟು ಒಂಬತ್ತು ವರ್ಷವಾಯಿತು, ಅಂದಿನಿಂದ ತಾನೊಬ್ಬನೇ ಕೂತು ಕೈಯಲ್ಲಿ ಬರೆಯುತ್ತಿದ್ದೇನೆ ಎಂದರು.

ಜಗದಾಂಬಾ ನೋಟ್‌ಬುಕ್ ತೆಗೆದು ಹದಿನೇಳನ್ನೂ ಓದಿ ಹೇಳಿದಳು. ಹದಿನಾಲ್ಕು ಅವರ ಕೈಯಿಂದಾದ ತಪ್ಪು. ಉಳಿದ ಮೂರು ಬೇಕಾಗಿಯೇ ಇರಲಿಲ್ಲ, ಅವಳೇ ತಪ್ಪಾಗಿ ತಿಳಿದು ಹಾಕುತ್ತಿದ್ದದ್ದು.

"ಒಂದು ಮೇಲ್ ಹಾಕಿದ್ರೆ ಅವತ್ತೇ ಸರಿ ಮಾಡ್ತಿದ್ನಲ್ಲಮ್ಮಾ," ಎಂದರು ಚಕ್ರಪಾಣಿ.

"ಮಷೀನ್ ಬರೆದಿದ್ದು ಅಂದ್ಕೊಂಡಿದ್ದೆ ಸಾರ್. ಮಷೀನ್‌ಗೆ ಏನಂತ ಹೇಳೋದು?"

"ನಾನೂ ಹಂಗೇ ಅಂದ್ಕೊಂಡಿದ್ದೆ. ನಿಮ್ಮ ಕಡೆ ಎಲ್ಲಾ ಮಷೀನೇ ಮಾಡುತ್ತೆ, ಅದಕ್ಕೇ ಯಾರೂ ಏನೂ ಕೇಳ್ತಿಲ್ಲ ಅಂತ."

ಮಧ್ಯಾಹ್ನದ ಹೊತ್ತಿಗೆ, ಅವರು ಹೇಳಿದಂತೆ ವಿವರಣೆಯ ಫೈಲನ್ನು ಪೂರ್ತಿ ತಿದ್ದಿ ಮುಗಿಸಿದಳು. ಕಮಾಂಡ್ ಹೊಡೆದಳು, ಓಡಿಸಿದಳು. ಕೆಂಗೇರಿಯ ಒಂದು ರಕ್ತನಿಧಿಯಲ್ಲಿ ಓ ನೆಗೆಟಿವ್ ನಾಲ್ಕು ಯೂನಿಟ್ ಇದೆ ಎಂದು ಬಂತು. ಕ್ಲೈಂಟಿನ ಒಂದಕ್ಷರವನ್ನೂ ಅವಳು ಮುಟ್ಟಿರಲಿಲ್ಲ. ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಆದರೆ ಆದದ್ದು, ಒಂಬತ್ತು ವರ್ಷದ ದಣಿವೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತ ಹಾಗೆ. ಚಕ್ರಪಾಣಿಯವರ ಹೆಂಡತಿ ಲಕ್ಷ್ಮಿ ಚಿತ್ರಾನ್ನ ತಂದುಕೊಟ್ಟರು. ಬೇಡವೆನ್ನಲೂ ಆಗದೆ ತಿಂದಳು.

ಶುಕ್ರವಾರದೊಳಗೆ ಹನ್ನೊಂದೂ ಆಸ್ಪತ್ರೆಗಳಿಗೆ ಹೊಸ ಕ್ಲೈಂಟ್ ಹೋಯಿತು. ಕಲ್ಮೇಶ್ ಒಳ್ಳೇದಾಯ್ತು ಮೇಡಂ ಎಂದು ಇನ್ನೊಂದು ಕೆಲಸ ಕೊಟ್ಟ. ಬಸ್ಸು, ಮೆಟ್ಟಿಲು, ಮೇಜು ಎಲ್ಲ ಹಾಗೇ ಇದ್ದವು.

ಮೂರು ತಿಂಗಳಾದ ಮೇಲೆ ಚಕ್ರಪಾಣಿ ಮತ್ತೊಂದು ವಿವರಣೆ ಕಳಿಸಿದರು. ಈ ಸಲ ಬೇರೆಯವರಿಗೆ ಕಳಿಸುವ ಮೊದಲೇ ಅವಳಿಗೆ ಕಳಿಸಿ, ಒಮ್ಮೆ ಓದಿ ನೋಡಿ ಎಂದು ಬರೆದಿದ್ದರು. ಅವಳು ಓದಿದಳು, ಫೋನ್ ತೆಗೆದುಕೊಂಡಳು.

"ಹನ್ನೆರಡನೇ ಸಾಲು ಸಾರ್."

"ತಡೀರಿ, ನೋಡ್ತೀನಿ," ಎಂದರು ಅವರು.