ಒಂದೇ ಕಿವಿ, ಹನ್ನೊಂದು ಕಂಪ್ಯೂಟರ್

ಬೆಳಗಿನ ಆರು ಗಂಟೆ. ಗ್ರಂಥಾಲಯದ ಹಿಂಬಾಗಿಲಿನ ಬೀಗ ತೆಗೆದು, ಚಪ್ಪಲಿಯನ್ನು ಮೂಲೆಗೆ ಸರಿಸಿ ಒಳಗೆ ಬಂದ ಆಕೆ ಮೊದಲು ಕೈಗೆತ್ತಿಕೊಳ್ಳುವುದು ಪೊರಕೆಯನ್ನಲ್ಲ. ಒಂದನೇ ಕಂಪ್ಯೂಟರ್ ಆನ್ ಮಾಡಿ, ಹೆಡ್‌ಫೋನ್ ತಲೆಗೇರಿಸಿ, ಕಣ್ಣು ಮುಚ್ಚಿ ಕೂರುತ್ತಾರೆ. ಎಡಗಡೆಯದನ್ನು ಎಡಗಿವಿಯಲ್ಲಿ ಕೇಳುತ್ತಾರೆ. ಆಮೇಲೆ ಹೆಡ್‌ಫೋನನ್ನು ತಿರುಗಿಸಿ, ಬಲಗಡೆಯದನ್ನೂ ಅದೇ ಎಡಗಿವಿಗೆ ಒತ್ತಿಕೊಳ್ಳುತ್ತಾರೆ. ಬಲಗಿವಿ ಲೆಕ್ಕಕ್ಕಿಲ್ಲ. ಹತ್ತೊಂಬತ್ತು ವರ್ಷ ನೂಲಿನ ಗಿರಣಿಯಲ್ಲಿ ಯಂತ್ರದ ಪಕ್ಕ ಬಲಮಗ್ಗುಲಾಗಿ ನಿಂತು ದುಡಿದವರು. ಆ ಗದ್ದಲಕ್ಕೆ ಆ ಕಿವಿ ಯಾವತ್ತೋ ಕೈಕೊಟ್ಟಿದೆ.

ಇವತ್ತು ಒಂದನೇ ಕಂಪ್ಯೂಟರಿನ ದನಿ ಗರಗರ ಎನ್ನುತ್ತಿದೆ. ಪದಗಳ ನಡುವೆ ಪಟ್ ಪಟ್ ಎಂಬ ಸದ್ದು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹನ್ನೊಂದಕ್ಕೆ ಹನ್ನೊಂದೂ ಕೆಟ್ಟು ಕೂತಿವೆ. "ಕೆಟ್ಟೆ!" ಎಂದು ಆಕೆ ಖಾಲಿ ಕೋಣೆಗೇ ಹೇಳುತ್ತಾರೆ. ಹತ್ತು ಗಂಟೆಗೆ ಇಲ್ಲಿ ಪರೀಕ್ಷೆ ಇದೆ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಟೈಪ್ ಮಾಡಬೇಕಾದ ಪರೀಕ್ಷೆ.

ಇದು ಕಣ್ಣು ಕಾಣದವರ ಓದುಕೋಣೆ. ಪರದೆಯ ಮೇಲೆ ಏನಿದೆಯೋ ಅದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತದೆ, ಓದುಗರು ಕೇಳುತ್ತಾರೆ. ದಿನಕ್ಕೆ ನಲವತ್ತು ಮಂದಿಯಾದರೂ ಬರುತ್ತಾರೆ. ಎಲ್ಲ ಕಂಪ್ಯೂಟರುಗಳೂ ಯಾವುದೋ ಕಚೇರಿ ಬಳಸಿ ಬಿಟ್ಟವು. ಅವುಗಳನ್ನು ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ. ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು, ಒಳಗೆ ಏನಿದೆ ಎಂದು ತೆರೆದು ನೋಡಿ ತಿದ್ದಲೂಬಹುದು. "ಪುಕ್ಕಟೆ ಅಂತ ಸಸಾರ ಮಾಡ್ಬೇಡಿ. ಬೀಗ ಹಾಕಿ ಕೊಟ್ಟಿದ್ರೆ ನನ್ನಂಥವಳು ಒಳಗೆ ಕೈ ಹಾಕೋಕಾಗ್ತಿತ್ತಾ?" ಎಂದು ಕೇಳುತ್ತಾರೆ ಆಕೆ.

ಹಾಜರಿ ಪುಸ್ತಕದ ಪ್ರಕಾರ ಐವತ್ನಾಲ್ಕು ವರ್ಷದ ಈ ಹೆಂಗಸು ಶುಚಿತ್ವ ಸಿಬ್ಬಂದಿ. ಓದುಗರ ಬಾಯಲ್ಲಿ ಮಾತ್ರ 'ಕಿವಿಯಕ್ಕ'. ಗಿರಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಎಂಟು ವರ್ಷವಾಯಿತು. ಆಗ ಕಂಪ್ಯೂಟರ್ ಕೆಟ್ಟರೆ ರಿಪೇರಿಯವರು ಬರಲು ಎಂಟೋ ಒಂಬತ್ತೋ ದಿನ ಹಿಡಿಯುತ್ತಿತ್ತು. ದನಿ ಹೋದರೆ ಓದುಗರಿಗೆ ಪರದೆಯೂ ಹೋದ ಹಾಗೆ. ಒಂದು ದಿನ ಅವರಲ್ಲೊಬ್ಬರು, ನಿವೃತ್ತ ಇತಿಹಾಸ ಮೇಷ್ಟ್ರು, ನೆಲ ಒರೆಸುತ್ತಿದ್ದ ಆಕೆಯನ್ನು ಕರೆದು, "ಪರದೆ ಮೇಲೆ ಏನು ಬಂದಿದೆ, ಸ್ವಲ್ಪ ನೋಡಿ ಹೇಳಮ್ಮ" ಎಂದರು. ಅಲ್ಲಿಂದ ಶುರು. ಮೇಷ್ಟ್ರು ತಮ್ಮ ಫೋನಿನಲ್ಲಿ ಪರಿಹಾರ ಹುಡುಕಿ ಕೇಳಿಸಿಕೊಳ್ಳುವುದು, ಒಂದೊಂದೇ ಅಕ್ಷರ ಬಿಡಿಸಿ ಹೇಳುವುದು, ಆಕೆ ಒಂದೇ ಬೆರಳಲ್ಲಿ ಕುಟ್ಟುವುದು.

"ಅವರಿಗೆ ಕಣ್ಣಿಲ್ಲ, ನಂಗೆ ಇಂಗ್ಲಿಷಿಲ್ಲ. ಇಬ್ರೂ ಸೇರಿದ್ರೆ ಒಬ್ಬ ಮೆಕ್ಯಾನಿಕ್ ಆಗ್ತೀವಿ," ಎಂದು ನಗುತ್ತಾರೆ. ಆ ಕುಟ್ಟಾಟದ ಫಲವಾಗಿ ಇವತ್ತು ಆಕೆಯ ನೋಟ್‌ಬುಕ್ಕಿನಲ್ಲಿ ಕಂಪ್ಯೂಟರಿಗೆ ಕೊಡುವ ಅರವತ್ತೆರಡು ಆದೇಶಗಳಿವೆ. ಇಂಗ್ಲಿಷ್ ಅಕ್ಷರಗಳನ್ನು ಚಿತ್ರದ ಹಾಗೆ ಬರೆದುಕೊಂಡು, ಪಕ್ಕದಲ್ಲಿ ಕನ್ನಡದಲ್ಲಿ 'ಸದ್ದು ಪೂರ್ತಿ ಹೋದಾಗ', 'ಸದ್ದು ಒಡೆದಾಗ' ಎಂದು ಗುರುತು ಮಾಡಿಕೊಂಡಿದ್ದಾರೆ.

ಮನೆಯಲ್ಲಿ ಈ ಪ್ರತಾಪಕ್ಕೆ ಅಂಥ ಬೆಲೆಯೇನಿಲ್ಲ. ಬಡಗಿ ಕೆಲಸ ಮಾಡುವ ಗಂಡ, "ನಾನು ಮೂರು ಸಲ ಕೂಗಿದ್ರೂ ಓ ಅನ್ನಲ್ಲ, ಅಲ್ಲಿ ಹೋಗಿ ಸೌಂಡ್ ರಿಪೇರಿ ಮಾಡ್ತಾಳಂತೆ" ಎಂದು ರೇಗಿಸುತ್ತಾರೆ. ರೇಗಿಸಿದರೂ, ದಾರಿಯಲ್ಲಿ ಹೆಂಡತಿಯ ಎಡಗಡೆ ಬಿಟ್ಟು ಅವರು ನಡೆದದ್ದನ್ನು ನೆರೆಹೊರೆಯವರು ಕಂಡಿಲ್ಲ.

ಹೆಡ್‌ಫೋನ್ ತಿರುಗಿಸಿ ಕೇಳುವ ಅಭ್ಯಾಸ ಮೊದಲಿನಿಂದ ಇದ್ದದ್ದಲ್ಲ. ಅದರ ಹಿಂದೆ ಒಂದು ತಪ್ಪಿದೆ, ಆಕೆ ಅದನ್ನು ಮುಚ್ಚಿಡುವುದಿಲ್ಲ. ಬ್ರಷ್ ಕಟ್ಟುವ ಕಾರ್ಖಾನೆಯಲ್ಲಿ ದುಡಿಯುವ ಮೂವತ್ತೊಂಬತ್ತರ ಓದುಗರೊಬ್ಬರಿದ್ದಾರೆ. ಕೇಳಿ ಟೈಪ್ ಮಾಡುವ ಸರ್ಕಾರಿ ಕೆಲಸಕ್ಕೆ ತಯಾರಿ ನಡೆಸಿರುವ ಅವರಿಗೆ ಇಲ್ಲಿ ಆಗಲೇ 'ಟೈಪಿಸ್ಟ್' ಎಂದು ಹೆಸರು ಬಿದ್ದಿದೆ. ಕಳೆದ ವರ್ಷ ಅವರು ಕೂರುವ ಏಳನೇ ಕಂಪ್ಯೂಟರಿನಲ್ಲಿ ಬಲಗಡೆಯ ದನಿ ಮಾತ್ರ ಒಡೆದಿತ್ತು. ಕಿವಿಯಕ್ಕ ಎಡಗಿವಿಯಲ್ಲಿ ಎಡಗಡೆಯದನ್ನಷ್ಟೇ ಕೇಳಿ, ದಿನವೂ 'ಸರಿ ಇದೆ' ಎಂದು ಹೇಳಿದರು. ಬಲಗಡೆ ಅಂತ ಒಂದು ಇದೆ ಎನ್ನುವುದೇ ಆಕೆಗೆ ಮರೆತುಹೋಗಿತ್ತು. ಕಿವಿಯಕ್ಕ ಸರಿ ಎಂದ ಮೇಲೆ ಯಂತ್ರ ಕೆಟ್ಟಿರಲಿಕ್ಕಿಲ್ಲ ಎಂದುಕೊಂಡ ಟೈಪಿಸ್ಟ್, ತಮ್ಮ ಬಲಗಿವಿಯೇ ಹೋಗುತ್ತಿದೆ ಎಂದು ಲೆಕ್ಕ ಹಾಕಿದರು. ಕಣ್ಣಿಲ್ಲದವನಿಗೆ ಕಿವಿಯೂ ಹೋದರೆ? ಆ ಭಯವನ್ನು ಮೂರು ವಾರ ಒಬ್ಬರೇ ನುಂಗಿಕೊಂಡು ಓಡಾಡಿದರು. ಅದೇ ಭಯದಲ್ಲಿ ಎರಡನೇ ಸಲದ ಪರೀಕ್ಷೆಗೂ ಕೂತರು. ಹನ್ನೆರಡು ತಪ್ಪಿಗೆ ಅವಕಾಶವಿದ್ದಲ್ಲಿ ಹತ್ತೊಂಬತ್ತು ತಪ್ಪು ಮಾಡಿ ಬಂದರು.

"ಆಮೇಲೆ ಅವರೇ ಮೆಲ್ಲಗೆ ಹೇಳ್ಕೊಂಡ್ರು, ಕಿವಿ ಡಾಕ್ಟ್ರು ಯಾರಾದ್ರೂ ಗೊತ್ತಾ ಅಕ್ಕಾ ಅಂತ. ಹೋಗಿ ಹೆಡ್‌ಫೋನ್ ತಿರುಗಿಸಿ ಕೇಳಿದೆ. ಗರಗರ," ಎನ್ನುವಾಗ ಈಗಲೂ ಆಕೆಯ ದನಿ ತಗ್ಗುತ್ತದೆ. "ನಿಮ್ಮ ಕಿವಿ ಚೆನ್ನಾಗಿದೆ, ಕೆಟ್ಟಿದ್ದು ನನ್ನ ಕೆಲಸ ಅಂತ ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ. ಆ ಮನುಷ್ಯ ನನ್ನ ಎರಡೂ ಕೈ ಹಿಡ್ಕೊಂಡು, ಕಿವಿ ಚೆನ್ನಾಗಿದೆಯಾ ಅಕ್ಕಾ, ನಿಜವಾಗ್ಲೂ ಚೆನ್ನಾಗಿದೆಯಾ ಅಂತ ಅತ್ತೇಬಿಟ್ರು. ಬೈದಿದ್ರೇ ವಾಸಿಯಿತ್ತು."

ಟೈಪಿಸ್ಟ್ ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ಆಕೆ ಹಾಕಿಕೊಂಡಿಲ್ಲ. ಇವತ್ತಿನದು ಅವರ ಮೂರನೇ ಪರೀಕ್ಷೆ. ಮುಂದಿನ ತಿಂಗಳು ನಲವತ್ತು ತುಂಬುತ್ತದೆ, ಆಮೇಲೆ ಅರ್ಜಿ ಹಾಕುವಂತಿಲ್ಲ. ಅಂಥ ದಿನವೇ ಹನ್ನೊಂದೂ ಕಂಪ್ಯೂಟರುಗಳು ಗರಗರ ಎನ್ನುತ್ತಿವೆ.

ಆರೂ ಮುಕ್ಕಾಲಿಗೆ ಆಕೆ ಮೇಷ್ಟ್ರಿಗೆ ಫೋನ್ ಮಾಡುತ್ತಾರೆ. ಅವರು ಹಾಸಿಗೆಯಲ್ಲೇ ಎದ್ದು ಕೂತು ಕಾರಣ ಊಹಿಸುತ್ತಾರೆ: ನಿನ್ನೆ ಸಂಜೆ ಬಂದ ಅಪ್‌ಡೇಟ್. ಗರಗರ ನಿಲ್ಲಲೆಂದು ಆಕೆ ಹಿಂದೆ ಒಂದು ಕಡತದಲ್ಲಿ ಒಂದು ಸಂಖ್ಯೆ ತಿದ್ದಿದ್ದರು. ಅಪ್‌ಡೇಟ್ ಆ ಕಡತವನ್ನೇ ಹೊಸದಾಗಿ ಹಾಕಿ, ತಿದ್ದಿದ್ದನ್ನು ಅಳಿಸಿಹಾಕಿದೆ.

ಆ ಸಂಖ್ಯೆಯ ಗುಟ್ಟನ್ನು ಆಕೆ ಕೈ ನಿಲ್ಲಿಸದೆಯೇ ವಿವರಿಸುತ್ತಾರೆ. "ಕಂಪ್ಯೂಟರ್ ದನೀನ ತುಣುಕು ತುಣುಕಾಗಿ ಕಳಿಸುತ್ತೆ. ನಮ್ಮವು ಹಳೇವು. ತುಣುಕು ತೀರಾ ಚಿಕ್ಕದಾದ್ರೆ ಮುಂದಿನದು ಹೊತ್ತಿಗೆ ಸರಿಯಾಗಿ ಬಂದು ಮುಟ್ಟಲ್ಲ. ಮಧ್ಯೆ ಸಂದು ಬೀಳುತ್ತೆ, ಅದೇ ಪಟ್ ಅನ್ನೋದು. ತುಣುಕು ದೊಡ್ಡದು ಮಾಡಿದ್ರೆ ಸಮಾಧಾನವಾಗಿ ಹರಿಯುತ್ತೆ."

"ಈ ಸಲ ಅದೇ ಕಡತದಲ್ಲಿ ಬರೀಬೇಡಮ್ಮ," ಎನ್ನುತ್ತಾರೆ ಫೋನಿನಾಚೆಯ ಮೇಷ್ಟ್ರು. "ಅಪ್‌ಡೇಟ್ ಮುಟ್ಟದ ಜಾಗ ಬೇರೆ ಇದೆ. ಅಲ್ಲಿ ನಿನ್ನದೇ ಒಂದು ಕಡತ ಮಾಡು. ಹೇಳ್ತೀನಿ, ಕುಟ್ಟು." ಆಕೆ ಕುಟ್ಟುತ್ತಾರೆ. ಒಂದು ಚುಕ್ಕಿ ಬಿಟ್ಟುಹೋಗಿ ಮೂರು ಸಲ ಎಡವಟ್ಟಾಗುತ್ತದೆ. ನಾಲ್ಕನೇ ಸಲಕ್ಕೆ ಒಂದನೇ ಕಂಪ್ಯೂಟರ್ ತಿಳಿಯಾಗಿ ಮಾತಾಡುತ್ತದೆ. ಒಂಬತ್ತರ ಹೊತ್ತಿಗೆ ಹತ್ತು ಮುಗಿದಿವೆ, ಹನ್ನೊಂದನೆಯದು ಮಾತ್ರ ಇನ್ನೂ ಒಡಕಲು. ಯಾರೋ ಒಳಗಿನ ಸದ್ದನ್ನು ಶೇಕಡಾ ನೂರೈವತ್ತಕ್ಕೆ ಏರಿಸಿಟ್ಟಿದ್ದಾರೆ, ದನಿ ತನ್ನ ಭಾರಕ್ಕೇ ಒಡೆಯುತ್ತಿದೆ. ನೂರಕ್ಕೆ ಇಳಿಸಿದ ಕೂಡಲೇ ಅದೂ ದಾರಿಗೆ ಬರುತ್ತದೆ.

ಕೊನೆಯ ತಪಾಸಣೆಗೆ ಬೇರೆ ದಿನಗಳಲ್ಲಿ ಟೈಪಿಸ್ಟರ ಎರಡು ಕಿವಿಗಳಿರುತ್ತವೆ. ಇವತ್ತು ಅವರು ಅಭ್ಯರ್ಥಿ, ಹತ್ತಕ್ಕೆ ಮೊದಲು ಒಳಗೆ ಬಿಡುವಂತಿಲ್ಲ. ಹಾಗಾಗಿ ಆಕೆಯೊಬ್ಬರೇ ಹನ್ನೊಂದೂ ಕಡೆ ಕೂತು, ತಿರುಗಿಸಿ ತಿರುಗಿಸಿ ಕೇಳುತ್ತಾರೆ. ಏಳನೆಯದನ್ನು ನಾಲ್ಕು ಸಲ ಕೇಳುತ್ತಾರೆ. ಹತ್ತಕ್ಕೆ ಐದು ನಿಮಿಷವಿರುವಾಗ ಪರೀಕ್ಷೆಯ ಮೇಲ್ವಿಚಾರಕಿ, "ಸಾಕು, ಹೊರಗೆ ಬನ್ನಿ" ಎನ್ನಬೇಕಾಗುತ್ತದೆ. ನೆಲ ಒರೆಸುವುದೇ ಉಳಿದುಹೋಗಿದೆ ಎಂದು ಆಕೆಗೆ ನೆನಪಾಗುವುದು ಆಗಲೇ.

ಐವತ್ತು ನಿಮಿಷದ ಪರೀಕ್ಷೆ. ಮುಗಿಯುವವರೆಗೂ ಆಕೆ ಮುಚ್ಚಿದ ಬಾಗಿಲ ಎದುರಿನ ಬೆಂಚು ಬಿಟ್ಟು ಕದಲುವುದಿಲ್ಲ. ಟೈಪಿಸ್ಟ್ ಹೊರಬಂದು ಬೆಂಚಿನತ್ತ ತಿರುಗಿ, "ಅಕ್ಕಾ, ಇಲ್ಲೇ ಇದ್ದೀರಲ್ವಾ? ದನಿ, ಯಾರೋ ಪಕ್ಕದಲ್ಲೇ ಕೂತು ಹೇಳಿದ ಹಾಗಿತ್ತು. ಪಾಸಾಗ್ತೀನೋ ಇಲ್ವೋ, ನಿಮ್ಮ ಋಣ ಮಾತ್ರ ದೊಡ್ಡದು" ಎನ್ನುತ್ತಾರೆ. "ಋಣ ನಂದು, ನಿಮ್ಮದಲ್ಲ. ಮೊದ್ಲು ಏನಾದ್ರೂ ತಿನ್ನಿ, ಹೋಗಿ" ಎಂದು ಆಕೆ ಗದರುತ್ತಾರೆ.

ಹದಿನೇಳು ದಿನಗಳ ನಂತರ ಫಲಿತಾಂಶ ಬರುತ್ತದೆ. ಟೈಪಿಸ್ಟ್ ಇನ್ನು ಅಡ್ಡಹೆಸರಲ್ಲ, ಹುದ್ದೆ. ಅವರು ಉತ್ತರಪತ್ರಿಕೆಯ ಪ್ರತಿ ತರಿಸಿ, ಮೇಷ್ಟ್ರೊಡನೆ ಕೂತು ಒಂದೊಂದು ತಪ್ಪನ್ನೂ ಮೂಲದೊಂದಿಗೆ ಹೋಲಿಸಿ ಕೇಳಿದ್ದಾರೆ. ಅಭಿನಂದನೆ ಹೇಳಲು ಹೋದವರಿಗೆಲ್ಲ ಕಿವಿಯಕ್ಕ ಬಕೆಟ್ ಕೆಳಗಿಟ್ಟು ಒಂದೇ ಸುದ್ದಿ ಹೇಳುತ್ತಾರೆ:

"ಒಂಬತ್ತು ತಪ್ಪು ಮಾಡಿದಾರೆ. ಆರು ಅವಸರಕ್ಕೆ, ಮೂರು ಬೆರಳು ಜಾರಿ. ಸೌಂಡಿಂದ ಆಗಿದ್ದು ಒಂದೂ ಇಲ್ಲ."