ಟೀಚರ್ ಎದ್ದು ಹೋದ ಕುರ್ಚಿ

ಮಷಿನ್ನಿಗೆ ಎಣ್ಣೆ ಬಿಡೋಣವೆಂದು ಡ್ರಾವರ್ ಎಳೆದರೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಚೂರೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಮುದ್ದೇಬಿಹಾಳದ ಆ ಹೊಲಿಗೆ ಕ್ಲಾಸು, ನಮ್ಮ ಟೀಚರ್...

ಅವರು ನಾಲತವಾಡದಿಂದ ಬಸ್ಸಿಗೆ ಬರುತ್ತಿದ್ದರು. ಕರಿ ಬುರ್ಖಾ, ಮುಖಕ್ಕೂ ಪರದೆ, ಕಾಣುವುದು ಕಣ್ಣಷ್ಟೇ. ಹೆಂಗಸರಷ್ಟೇ ಇದ್ದ ಕ್ಲಾಸಿನ ಬಾಗಿಲು ಹಾಕಿದೊಡನೆ ಪರದೆ ತೆಗೆದು ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನಾನು ರವಿಕೆಗೆ ತೋಳು ಉಲ್ಟಾ ಜೋಡಿಸಿದಾಗ, “ಈ ಜಂಪರ್ ಹಾಕ್ಕೊಂಡ್ರ ಹಿಂದಹಿಂದ ನಡೀಬೇಕಾಗ್ತೈತಿ ನೋಡವಾ” ಎಂದಿದ್ದರು.

ಕ್ಲಾಸು ಮುಗಿಯುವ ದಿನ ಗುಂಪು ಫೋಟೋ ಇತ್ತು. ಫೋಟೋ ತೆಗೆಯುವವನು ಬಂದ, ಟೀಚರ್ ಪರದೆ ಇಳಿಸಿಕೊಂಡು ನಡುವಿನ ಕುರ್ಚಿಯಲ್ಲಿ ಕೂತರು. ನಾನು ಅದೇ ತಿಂಗಳು ಅತ್ತೆಯೊಡನೆ ಜಗಳಾಡಿ ತಲೆ ಮೇಲೆ ಸೆರಗು ಹೊದೆಯುವುದನ್ನು ಬಿಟ್ಟಿದ್ದೆ. ಭಾರಿ ಸೊಕ್ಕು ನನಗೆ.

“ಮುಖ ತೆಗೀರಿ ಟೀಚರ್, ಇಲ್ಲಂದ್ರ ನೀವಂತ ಯಾರಿಗೆ ಗೊತ್ತಾಗ್ತೈತ್ರಿ?” ಎಂದೆ. ಎಲ್ಲರೂ ನಕ್ಕರು. ಆ ನಗುವಿನ ಗುಂಗಿನಲ್ಲಿ ನಾನೇ ಕೈ ಹಾಕಿ ಪರದೆಯ ಅಂಚು ಎತ್ತಿದೆ.

ಅವರು ನನ್ನ ಮಣಿಕಟ್ಟು ಹಿಡಿದರು. “ನಿನಗ ಗೊತ್ತೈತಲ್ಲವಾ, ಸಾಕು” ಎಂದು ಎದ್ದು ಒಳಗೆ ಹೋದರು. ಮುಂದೆ ಸರ್ಟಿಫಿಕೇಟ್ ಕೊಡುವಾಗ ಮಾತಾಡಿದರು, ನಗಲಿಲ್ಲ. ತಪ್ಪಾಯಿತೆಂದು ನಾನೂ ಹೇಳಲಿಲ್ಲ. ಹೋದ ವರ್ಷ ಅವರು ತೀರಿಹೋದ ಸುದ್ದಿ ಬಂತು...

ನಿನ್ನೆ ನಾನು ಕಲಿಸುವ ಸಾಲಿಯಲ್ಲಿ ಊಟದ ಹೊತ್ತಿಗೆ ಜೊತೆಗೆ ಕಲಿಸುವವರೊಬ್ಬರು ಮೊಬೈಲಿನಲ್ಲಿ ಸುದ್ದಿ ಓದಿದರು. ಪಶ್ಚಿಮದ ಯಾವುದೋ ದೇಶದಲ್ಲಿ ಮುಖ ಮುಚ್ಚಿಕೊಂಡರೆ ದಂಡವಂತೆ, ಅಲ್ಲಿಯ ಬಹಳ ಮಂದಿಗೂ ಅದೇ ಬೇಕಂತೆ. “ಛಲೋ ಮಾಡ್ಯಾರ” ಎಂದರು ಅವರು. “ಅವರ ಬಟ್ಟಿ, ಅವರ ಇಷ್ಟ” ಎಂದರು ಇನ್ನೊಬ್ಬರು. ಆಮೇಲೆ ಇಬ್ಬರೂ ನನ್ನತ್ತ ತಿರುಗಿದರು. “ನೀವೇನಂತೀರಿ ಬಾಯಾರ?”

ನಾನು ಊಟದ ಡಬ್ಬಿ ಮುಚ್ಚಿದೆ. ಸೆರಗು ಬಿಟ್ಟವಳು ನಾನು, ಖುಷಿಪಡಬೇಕಿತ್ತು. ಆದರೆ ನನ್ನ ಸೆರಗು ಸರಿಸಿದ್ದು ನನ್ನ ಕೈ, ಟೀಚರ್ ಪರದೆ ಎತ್ತಿದ್ದೂ ನನ್ನದೇ ಕೈ. ಆ ಪರದೆ ಟೀಚರ್ ಮನಸ್ಸಿನದೋ, ಮನೆಯವರ ಒತ್ತಾಯದ್ದೋ... ಎತ್ತುವ ಮೊದಲು ಕೇಳಬಹುದಿತ್ತು. ತಲೆಯೆಲ್ಲ ಕಲಸುಮೇಲೋಗರ. ಈಗ ಯಾರನ್ನು ಕೇಳಲಿ?

ಇವತ್ತು ಆ ಫೋಟೋ ಹುಡುಕಿ ತೆಗೆದೆ. ನಾವೆಲ್ಲ ಹಲ್ಲು ಕಿರಿದು ನಿಂತಿದ್ದೇವೆ, ನಡುವಿನ ಕುರ್ಚಿ ಖಾಲಿ. ಅವರ ಮುಖ ಎಲ್ಲರಿಗೂ ಕಾಣಲಿ ಎಂದು ಕೈ ಹಾಕಿದ್ದೆ. ಈಗ ನನ್ನ ಹತ್ತಿರ ಅವರು ಬುರ್ಖಾದಲ್ಲಿರುವ ಫೋಟೋ ಕೂಡ ಇಲ್ಲ.