ಪ್ರೊಸ್ಪೆರೊ ಗೊಣಗದ ಭಾನುವಾರ

ಜೆನೋವಾದ ಬಂದರಿನಲ್ಲಿ ಮೂವತ್ತೆಂಟು ವರ್ಷ ಮೂಟೆ ಹೊತ್ತು ನಿವೃತ್ತನಾದ ಪ್ರೊಸ್ಪೆರೊ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದಾನೆ, ನಾನು ಮೂರನೆಯದರಲ್ಲಿ. ಹಾಗಾಗಿ ಅವನ ಗೊಣಗಾಟ ನನ್ನ ಸೂರಿನಿಂದ ಸೋರುತ್ತಲೇ ಇರುತ್ತದೆ. ಗಾಳಿ ಬೀಸಿದರೆ ಗಾಳಿಯದು, ನಿಂತರೆ ಸೆಕೆಯದು. ಕ್ರೇನು ಬಂದು ನಿನ್ನ ಬೆನ್ನು ಉಳಿಯಿತಲ್ಲ ಎಂದರೆ ಕ್ರೇನಿನ ಸದ್ದಿನದು. ಇದನ್ನು ದುರಭ್ಯಾಸ ಎನ್ನಬಾರದು. ಗೊಣಗಲು ಬಿಡುವುದಾದರೆ ಕಡಿಮೆ ಸಂಬಳವೇ ಸಾಕು ಎಂದು ಹಡಗು ಹತ್ತುತ್ತಿದ್ದವರು ನಮ್ಮ ಹಿರಿಯರು ಎಂದು ಇಲ್ಲಿ ಹೇಳಿಕೊಳ್ಳುತ್ತಾರೆ. ನಾನೂ ಗೊಣಗುತ್ತೇನೆ, ಆದರೆ ನನ್ನದನ್ನು ಕೇಳಲು ಹೆಂಡತಿ ಕೂಡ ನಿಲ್ಲುವುದಿಲ್ಲ. ಪ್ರೊಸ್ಪೆರೊನದು ಕಿವಿಗೊಡುವಂಥದ್ದು.

ಅವನ ಒಬ್ಬಳೇ ಮಗಳು ಲಿವಿಯಾ, ಮೊದೆನಾ ಎಂಬ ಊರಿನ ಎರ್ಮೆಸ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹೆತ್ತವರು ಒಪ್ಪದೆ ಹೆಜ್ಜೆ ಇಡುವ ಹುಡುಗ ಅವನಲ್ಲ. ಆ ಹೆತ್ತವರು ಊರು ನೋಡುವ ನೆಪದಲ್ಲಿ ಹೆಣ್ಣಿನ ಮನೆ ನೋಡಲು ಹೊರಟಿದ್ದರು.

“ಅಪ್ಪಾ, ಒಂದೇ ಒಂದು ದಿನ ಗೊಣಗದೆ ಇರು. ನನ್ನ ಮದುವೆ ಉಡುಗೊರೆ ಅಂದ್ಕೋ,” ಎಂದಳು ಲಿವಿಯಾ.

ಅವನು ಗೊಣಗದೆ ಒಪ್ಪಿದ. ಆಗಲೇ ನಮಗೆ ಗಾಬರಿಯಾಗಬೇಕಿತ್ತು.

ಭಾನುವಾರ ಅತಿಥಿಗಳನ್ನು ಊರು ಸುತ್ತಿಸಿದೆವು. ಮೌನ ತುಂಬಲು ನನ್ನನ್ನು ಕರೆದೊಯ್ದಿದ್ದರು. ನಾನು ದೊಡ್ಡ ಚರ್ಚಿನ ಶತಮಾನವನ್ನು ತಪ್ಪು ಹೇಳಿ ತುಂಬಿದೆ. ಒಗೆದ ಬಟ್ಟೆ ತೊಟ್ಟಿಕ್ಕುವ ಓಣಿ, ಮೀನಿನ ನೀರು, ಹಾಸಿಗೆ ಅಂಗಡಿಯ ಮೇಲಂತಸ್ತಿನ ಚಾವಣಿಯಲ್ಲಿ ಯಾರೋ ಶ್ರೀಮಂತ ಬರೆಸಿದ ದೇವತೆಗಳು. ಹುಡುಗನ ತಂದೆ ಒರೆಸ್ಟೆ ಟ್ರ್ಯಾಕ್ಟರ್ ರಿಪೇರಿ ಮಾಡಿ ಬೆಳೆದವರು, ಎಲ್ಲವನ್ನೂ ವಿಚಾರಿಸುವವರು. ಈ ಮೆಟ್ಟಿಲು ದಿನಾ ಹತ್ತುತ್ತೀರಾ ಎಂದರು. ಮೆಟ್ಟಿಲು ಚೆನ್ನಾಗಿವೆ ಎಂದ ಪ್ರೊಸ್ಪೆರೊ. ಸಮುದ್ರಕ್ಕೂ ಊರಿಗೂ ನಡುವೆ ಈ ಮೇಲ್ಸೇತುವೆ ಯಾಕೆ ಎಂದರು. ಅದೂ ಚೆನ್ನಾಗಿದೆ ಎಂದ.

ಅದನ್ನು ಕೇಳಿಸಿಕೊಂಡ ಮೀನು ಮಾರುವವಳು ನನ್ನನ್ನು ಪಕ್ಕಕ್ಕೆಳೆದು, ಪ್ರೊಸ್ಪೆರೊಗೆ ಡಾಕ್ಟರು ಎಷ್ಟು ದಿನ ಅಂದಿದ್ದಾರೆ ಎಂದು ಕೇಳಿದಳು. ಹಾಗೇನೂ ಇಲ್ಲ ಎಂದೆ. ಧೈರ್ಯ ತಂದುಕೋ ಎಂದು ನನ್ನ ಭುಜ ತಟ್ಟಿದಳು. ನಾವು ಮನೆ ಸೇರುವಷ್ಟರಲ್ಲಿ ಬೇಕರಿಯವನು ರೋಗಿಗೆಂದು ಮೆತ್ತನೆಯ ರೊಟ್ಟಿ ಕಳಿಸಿದ್ದ.

ಊಟಕ್ಕೆ ಮುಂಚೆ ಎರ್ಮೆಸ್‌ನ ತಾಯಿ ತಮ್ಮ ಕೈತೋಟದ ಕಾಮಕಸ್ತೂರಿಯ ಒಂದು ಕುಂಡ ಉಡುಗೊರೆ ಕೊಟ್ಟರು. ಕಾಮಕಸ್ತೂರಿ ಎಂದರೆ ತಮ್ಮೂರಿನದೊಂದೇ ಎನ್ನುವ ಜೆನೋವಾದವನಿಗೆ ಬೇರೆ ಊರಿನದು. ಲಿವಿಯಾ ಕಣ್ಣು ಮುಚ್ಚಿಕೊಂಡಳು. ಪ್ರೊಸ್ಪೆರೊ ಮೂಸಿದ, ಚೆನ್ನಾಗಿದೆ ಎಂದ, ಎಲೆ ಕಿತ್ತು ಅಮೃತಶಿಲೆಯ ಒರಳಿಗೆ ಹಾಕಿ ಇಪ್ಪತ್ತು ನಿಮಿಷ ತುಟಿ ಬಿಚ್ಚದೆ ಪೆಸ್ಟೊ ಚಟ್ನಿ ಅರೆದ.

ಎರಡು ತುತ್ತಿಗೆ ಒರೆಸ್ಟೆ ಫೋರ್ಕು ಕೆಳಗಿಟ್ಟರು. “ಸ್ವಾಮೀ, ಬೆಳಗಿಂದ ಏನು ಕೇಳಿದ್ರೂ ಚೆನ್ನಾಗಿದೆ ಅಂತೀರಿ. ನಮ್ಮೂರಲ್ಲಿ ಬಾಗಿಲಿಗೆ ಬಂದು ಸಾಮಾನು ಮಾರೋರನ್ನ ಹಾಗೆ ಸಾಗಹಾಕ್ತೀವಿ. ಈ ಸಂಬಂಧ ನಿಮಗೆ ಬೇಡ ಅಂತ ಅರ್ಥ ಆಯ್ತು. ಐದೂವರೆ ರೈಲಿಗೆ ಹೊರಡ್ತೀವಿ.”

ಎರ್ಮೆಸ್ ತಟ್ಟೆ ನೋಡುತ್ತಿದ್ದ. ಲಿವಿಯಾ ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಸಾಕು,” ಎಂದಳು. “ಶುರು ಮಾಡು.”

ಪ್ರೊಸ್ಪೆರೊ ಬಾಯಿ ಒರೆಸಿಕೊಂಡ. “ಈ ಎಲೇಲಿ ಪುದೀನ ವಾಸನೆ. ಊಟ ಮಾಡಿದ ಹಾಗಿಲ್ಲ, ಹಲ್ಲುಜ್ಜಿದ ಹಾಗಿದೆ. ನಿಮ್ಮ ಮಗ ನೋಡಿದ್ರೆ ಯಾವಾಗ್ಲೂ ಹಡಗು ತಪ್ಪಿಸ್ಕೊಂಡವನ ಥರ ನಿಂತಿರ್ತಾನೆ. ಮೆಟ್ಟಿಲ ಮೇಲೆ ನೀವು ಉಸಿರು ಬಿಡೋದು ಕೇಳಿ ನನಗೇ ಎದೆನೋವು ಬಂತು. ಮದುವೆ ಚಳೀಲಿ ಇಟ್ರೆ ನನ್ನ ಮಂಡಿ ಹಿಡ್ಕೊಳ್ಳುತ್ತೆ, ಬೇಸಿಗೇಲಿ ಇಟ್ರೆ ಕೋಟು ಹಾಕೋಕಾಗಲ್ಲ. ಯಾವಾಗಿಟ್ರೂ ಕಷ್ಟ ನನಗೇ, ಬೀಗರೇ.”

ಒರೆಸ್ಟೆ ಆ ‘ಬೀಗರೇ’ ಎಂಬ ಮಾತನ್ನು ಅಗಿದು ನುಂಗಿದರು. ಆಮೇಲೆ ಗ್ಲಾಸನ್ನು ಬೆಳಕಿಗೆ ಹಿಡಿದರು.

“ನಮ್ಮೂರ ವಿನೆಗರ್ ನಿಮ್ಮ ಈ ವೈನಿಗಿಂತ ಸಿಹಿ, ಬೀಗರೇ. ಆ ಮೆಟ್ಟಿಲು ಕಟ್ಟಿದೋನು ಮನುಷ್ಯನೋ ಮೇಕೆಯೋ?”

ಪ್ರೊಸ್ಪೆರೊ ಅವರ ಗ್ಲಾಸಿಗೆ ಇನ್ನಷ್ಟು ಸುರಿದು ಕುರ್ಚಿ ಹತ್ತಿರ ಎಳೆದುಕೊಂಡ.

ಮದುವೆ ಮೇ ತಿಂಗಳಿಗೆ ಗೊತ್ತಾಯಿತು. ಮೇ ತಿಂಗಳ ಬಗ್ಗೆ ಇಬ್ಬರಿಗೂ ಬೇರೆ ಬೇರೆ ತಕರಾರುಗಳಿದ್ದವು. ಅವೆಲ್ಲ ಮುಗಿಯುವಷ್ಟರಲ್ಲಿ ಐದೂವರೆಯ ರೈಲು ಹೋಗಿತ್ತು.